ಚೌಕಾಬಾರಕ್ಕೆ ಬೈಗುಳ ಬೇಡಿದ ಹಂಸ

ಹಾಸನದ ಕಡೆಯ ಜನಕ್ಕೆ ಒಂದು ಗುಣವಿದೆ. ಎದುರಿಗೆ ಕೂತು ಯಾರನ್ನೂ ಬೈಯುವುದಿಲ್ಲ. ಬಸ್ಸು ಹತ್ತಿ ಊರು ದಾಟಿದ ಮೇಲೆ ಪಕ್ಕದ ಸೀಟಿನವರ ಹತ್ತಿರ ಬೈಯುತ್ತಾರೆ. ಮದುವೆಮನೆಯ ಪಾಯಸ ತಳ ಹಿಡಿದಿದ್ದರೂ ಇನ್ನೊಂದು ಸೌಟು ಹಾಕಿಸಿಕೊಂಡು, "ಭಾಳ ಚೆನ್ನಾಗಾಗಿದೆ" ಎಂದೇ ಎಲೆ ಮಡಿಸುತ್ತಾರೆ. ಇದನ್ನು ಸೌಜನ್ಯ ಅನ್ನುವವರು ಅಂದುಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಈ ಸೌಜನ್ಯ ಒಬ್ಬ ಹೆಂಗಸಿನ ಎರಡು ವರ್ಷದ ದುಡಿಮೆಯನ್ನು ಕತ್ತು ಹಿಸುಕಿ ಕೊಲ್ಲುವುದರಲ್ಲಿತ್ತು. ಅವಳು ಹಂಸ. ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಸೈಬರ್ ಸೆಂಟರ್ ಇಟ್ಟುಕೊಂಡಿದ್ದವಳು.

ಹಂಸ ಹುಟ್ಟಿದ್ದು ಹೊಳೆನರಸೀಪುರದಲ್ಲಿ, ದೇವಸ್ಥಾನದ ಬೀದಿಯ ಮನೆಯಲ್ಲಿ. ಹಾಸನದ ಹೈಸ್ಕೂಲಿನಲ್ಲಿ ಗಣಿತ ಹೇಳುವ ಸಂಪತ್ಕುಮಾರನನ್ನು ಮದುವೆಯಾಗಿ ಬಂದಳು. ತೊಂಬತ್ತರ ದಶಕದ ನಡುವಿನಲ್ಲಿ ಊರಿಗೆ ಕಂಪ್ಯೂಟರ್ ಕ್ಲಾಸುಗಳು ಬಂದಾಗ, ಟೈಲರ್ ಅಂಗಡಿಯ ಮಾಳಿಗೆಯ ಮೇಲಿನ ಕೋಣೆಯೊಂದರಲ್ಲಿ, ಮೂಗಿನ ಕೆಳಗೆ ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಈ ಒಬ್ಬಳೇ ಮಡಿಚಿದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತು ಕಲಿತಳು. ಆಮೇಲೆ ಮದುವೆ ಕಾಗದ, ಗೃಹಪ್ರವೇಶದ ಕಾಗದ, ಕೆಲಸ ಹುಡುಕುವವರ ಬಯೋಡೇಟಾ ಎಲ್ಲ ಅವಳ ಬೆರಳಿನಿಂದಲೇ. ಊರವರ ಹೆಣ್ಣು ಗಂಡು ಜೋಡಿಯಾಗುವುದೂ ಅವಳ ಪ್ರಿಂಟರಿನಲ್ಲೇ, ಅವರ ಮಕ್ಕಳ ನಾಮಕರಣವೂ ಅಲ್ಲೇ. ಹೊಸ ಶತಮಾನ ಬಂದಮೇಲೆ ಇಂಟರ್ನೆಟ್ ಹಾಕಿಸಿದಳು.

ಆಗ ಹಾಸನದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಕಾಸು ಕೊಟ್ಟು ಕೂತವರು ಎದ್ದು ಹೋಗಲಾರರು, ಕೂತರೆ ಬೇಸರ. ಒಂದು ದಿನ ಹಂಸ ಸುಮ್ಮನೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ನಾಲ್ಕು ಕವಡೆ ತಂದಿಟ್ಟಳು. ಐದೈದು ಮನೆಯ ಚೌಕ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಕವುಚಿ ಬಿದ್ದರೆ ಬಾರ. ಹೊರಗಿನ ಸುತ್ತು, ಒಳಗಿನ ಸುತ್ತು ಹಾಕಿಕೊಂಡು ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು, ದಾರಿಯಲ್ಲಿ ಎದುರಾಳಿ ಕಡಿದರೆ ಮತ್ತೆ ಮೊದಲಿನಿಂದ ನಡೆಯಬೇಕು. ಅಷ್ಟೇ ಆಟ. ಕರೆಂಟು ಬಂತು, ಫ್ಯಾನು ತಿರುಗಿತು, ಒಬ್ಬರೂ ಏಳಲಿಲ್ಲ. ನೆಲದ ಮೇಲೆ ಕೂತು ಜಗಳವಾಡುತ್ತಿದ್ದ ಆ ಗುಂಪನ್ನು ನೋಡಿ ಹಂಸನಿಗೆ ಅನಿಸಿತು: ಇದನ್ನೇ ಕಂಪ್ಯೂಟರಿಗೆ ಹತ್ತಿಸಿದರೆ ಹಾಸನದಲ್ಲಿ ಕೂತವಳು ಅರಕಲಗೂಡಿನವಳ ಕಾಯಿ ಕಡಿಯಬಹುದಲ್ಲ?

ಅನಿಸುವುದು ಸುಲಭ. ಮಾಡುವುದಕ್ಕೆ ಎರಡು ವರ್ಷ ಹಿಡಿಯಿತು. ಪುಸ್ತಕ ತರಿಸಿಕೊಂಡು, ಅದರಲ್ಲಿ ಅರ್ಧ ಅರ್ಥವಾಗಿ ಇನ್ನರ್ಧಕ್ಕೆ ಅಳು ಬಂದು, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಒಂದೊಂದೇ ಮನೆ, ಒಂದೊಂದೇ ಕಾಯಿ ಕೂಡಿಸಿದಳು. ಮೈಸೂರಿನ ಒಂದು ಸಣ್ಣ ಕಂಪನಿಗೆ ತೋರಿಸಿದಾಗ ಅಲ್ಲಿದ್ದ ಅರುಣ್‌ಕುಮಾರ್ ಎಂಬ ಹುಡುಗನಿಗೆ ಹಿಡಿಸಿತು. ಅವನೂ ಹೊಳೆನರಸೀಪುರದ ಹತ್ತಿರದ ಹರದನಹಳ್ಳಿ ಕಡೆಯವನು, ಅಜ್ಜಿಯ ಕೈಯಲ್ಲಿ ಚೌಕಾಬಾರ ಸೋತು ಬೆಳೆದವನು. ಅವನು ಒಂದೇ ಷರತ್ತು ಹಾಕಿದ.

"ಮೇಡಂ, ಯುಗಾದಿಯಿಂದ ದಸರೆವರೆಗೂ ಪರೀಕ್ಷೆಗೆ ಅಂತ ಇಡ್ತೀವಿ. ನಿಮ್ಮ ಕಡೆ ನಾಲ್ಕೂರಲ್ಲಿ ಜನರ ಕೈಲಿ ಆಡಿಸಿ, ಏನು ಸರಿಯಿಲ್ಲ ಕೇಳಿ, ತಿದ್ದಿ. ಕರೀದೆ ಇದ್ರೂ ಜನ ತಾವಾಗೇ ವಾಪಸ್ ಬಂದು ಆಡಿದ್ರೆ ನಮ್ಮ ಸೈಟಲ್ಲಿ ಖಾಯಂ. ಇಲ್ದಿದ್ರೆ ಮುಚ್ಚಿಬಿಡ್ತೀವಿ."

ಅದುವರೆಗೆ ಹಂಸ ಮಾಡಿದ್ದೆಲ್ಲ ಬೇರೆಯವರ ಕೆಲಸ. ಬೇರೆಯವರ ಮದುವೆ, ಬೇರೆಯವರ ಮಾರ್ಕ್ಸು, ಬೇರೆಯವರ ಅರ್ಜಿ. ನಲವತ್ತರ ಹೊಸ್ತಿಲಲ್ಲಿ ಮೊದಲ ಸಲ ತನ್ನದು ಎನ್ನುವಂಥದ್ದನ್ನು ಮಾಡಿದ್ದಳು. ಅದು ಮುಚ್ಚಿಹೋದರೆ ಇನ್ನೊಂದು ಮಾಡುವ ಶಕ್ತಿ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು, ಗಂಡನಿಗೂ ಹೇಳಿದ್ದಳು.

ಹಾಸನದಲ್ಲಿ ಅವಳದೇ ಸೆಂಟರು ಇತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಪರಿಚಯದ ಸೈಬರ್‌ನವರು ಒಂದೆರಡು ಕಂಪ್ಯೂಟರ್ ಬಿಟ್ಟುಕೊಟ್ಟರು. ಇನ್ನು ಜನರನ್ನು ಕರೆಯಬೇಕು. ಕರೆದ ಮೇಲೆ ಬರಿಗೈಯಲ್ಲಿ ಕೂರಿಸುವುದುಂಟೆ? ದೇವಸ್ಥಾನದ ಬೀದಿಯ ಮನೆಯಲ್ಲಿ ಬೆಳೆದವಳು. ಅತ್ತೆ ಶ್ರೀರಂಗಮ್ಮನವರು ಬಾಣಲೆ ಇಟ್ಟು ಕೋಡುಬಳೆ ಕರಿದುಕೊಟ್ಟರು. ಹಂಸ ಸ್ಟೀಲ್ ಡಬ್ಬದ ತುಂಬ ಕೋಡುಬಳೆ, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ಹೊತ್ತುಕೊಂಡು ಇವತ್ತು ಅರಕಲಗೂಡಿನ ಬಸ್ಸು, ನಾಳೆ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು.

ಶ್ರೀರಂಗಮ್ಮನವರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸೊಸೆ ಮನೆಗೆ ಬಂದಂದಿನಿಂದ ಅವರು ಅವಳ ಕೆಲಸದಲ್ಲಿ ಒಂದು ಕೊರತೆ ಎತ್ತಿ ಆಡಿದವರಲ್ಲ. ಸಾರಿಗೆ ಉಪ್ಪು ಮರೆತ ದಿನವೂ, "ಚೆನ್ನಾಗಿದೆ ಕಣೇ" ಎಂದು ಹೇಳಿ, ಸದ್ದಿಲ್ಲದೆ ಉಪ್ಪಿನಕಾಯಿ ಬಡಿಸಿಕೊಂಡವರು. ಮನೆಯ ಕಂಪ್ಯೂಟರಿನಲ್ಲಿ ಸೊಸೆ ಮೊದಲ ಸಲ ಚೌಕಾಬಾರ ತೋರಿಸಿದಾಗಲೂ ಅದೇ ಮಾತು. "ಚೆನ್ನಾಗಿದೆ ಕಣೇ." ಒಂದಾಟ ಆಡಿ ಎದ್ದವರು ಮತ್ತೆ ಅದರ ಮುಂದೆ ಕೂರಲಿಲ್ಲ.

ನಾಲ್ಕೂರಿನಲ್ಲೂ ಇದೇ ಆಯಿತು. ಅರಕಲಗೂಡಿನಲ್ಲಿ ನಿವೃತ್ತ ಬಸ್ ಕಂಡಕ್ಟರ್ ಚಲುವಯ್ಯ ಆಡಿ, ಕಾಫಿ ಕುಡಿದು, ಬಾಯಿ ಒರೆಸಿಕೊಂಡು, "ಚೆಂದಾಗೈತೆ ಕಣಮ್ಮ, ಭೇಷಾಗೈತೆ" ಎಂದ. ಚನ್ನರಾಯಪಟ್ಟಣದ ಸುವರ್ಣಮ್ಮ, ರವಿಕೆ ಹೊಲಿಯುವವಳು, ಇಡೀ ಓಣಿಯನ್ನೇ ಕರೆದುಕೊಂಡು ಬಂದಳು. ಎಲ್ಲರೂ ಚೆನ್ನಾಗಿದೆ ಅಂದರು. ಅಭಿಪ್ರಾಯಕ್ಕೆಂದು ಹಂಚಿದ ಕಾಗದದಲ್ಲಿ ಒಬ್ಬರಂತೂ, ಕೋಡುಬಳೆ ಬಹಳ ಗರಿಗರಿಯಾಗಿತ್ತು ಎಂದು ಬರೆದಿದ್ದರು.

ಹಂಸ ಹಿಗ್ಗಿದಳು. ಯಾರು ಹಿಗ್ಗುವುದಿಲ್ಲ? ಆದರೆ ಅರುಣ್‌ಕುಮಾರ್ ಮೈಸೂರಿನಿಂದ ಫೋನು ಮಾಡಿದಾಗ ದನಿ ಬೇರೆಯಿತ್ತು. "ನೀವು ಹೋದ ದಿನ ಆ ಊರಲ್ಲಿ ಜನವೋ ಜನ. ಮಾರನೇ ದಿನ ಒಬ್ರೂ ಇಲ್ಲ. ಎಲ್ರೂ ಚೆನ್ನಾಗಿದೆ ಅಂದ್ರು ಅಂತೀರಿ. ಮತ್ಯಾಕ್ ಮೇಡಂ ವಾಪಸ್ ಬರ್ತಿಲ್ಲ?"

ಅವಳಿಗೇನು ಗೊತ್ತು? ಕಾಯಿಗಳ ಬಣ್ಣ ಬದಲಾಯಿಸಿದಳು. ಮನೆಗಳನ್ನು ದೊಡ್ಡದು ಮಾಡಿದಳು. ಮತ್ತೆ ಡಬ್ಬ ಹೊತ್ತು ಹೊರಟಳು, ಈ ಸಲ ಕೋಡುಬಳೆಯ ಜೊತೆಗೆ ರವೆ ಉಂಡೆಯನ್ನೂ ಸೇರಿಸಿಕೊಂಡು. ಮತ್ತೆ ಎಲ್ಲರೂ ತಿಂದರು, ಮತ್ತೆ ಚೆನ್ನಾಗಿದೆ ಅಂದರು, ಮತ್ತೆ ಮಾರನೇ ದಿನ ಯಾರೂ ಇಲ್ಲ. ಆ ದಿನಗಳಲ್ಲಿ ಹಂಸ ಮಾತು ಕಡಿಮೆ ಮಾಡಿದ್ದಳಂತೆ. ತಪ್ಪು ಹೇಳಿದರೆ ತಿದ್ದಬಹುದು. ಚೆನ್ನಾಗಿದೆ ಎಂದು ಬೆನ್ನು ಹಾಕಿ ಹೋಗುವವರನ್ನು ಏನು ಮಾಡಬೇಕು?

ಪಿಯುಸಿ ಫಲಿತಾಂಶ ಬಂದ ದಿನ ಶನಿವಾರ. ಸೆಂಟರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಣನೂರಿನ ಮಲ್ಲಿಗಮ್ಮ ಎಂಬ ಹೆಂಗಸು ಮಗಳು ಅನುಶ್ರೀಯ ನಂಬರು ನೋಡಿಸಲು ಬಂದಿದ್ದಳು. ಹೊಲಗದ್ದೆ ನೋಡಿಕೊಳ್ಳುವ ಗಟ್ಟಿ ಹೆಂಗಸು, ಹಣೆಯಲ್ಲಿ ಕಾಸಗಲ ಕುಂಕುಮ. ಸರದಿ ಬರುವುದು ತಡವಿದ್ದರಿಂದ ಹಂಸ ಅವಳನ್ನು ಆಟದ ಕಂಪ್ಯೂಟರಿನ ಮುಂದೆ ಕೂರಿಸಿ, ತಟ್ಟೆ ಮುಂದಿಟ್ಟಳು.

"ಬ್ಯಾಡ ಕಣವ್ವ, ಸನಿವಾರ ನಾನು ಒಪ್ಪತ್ತು. ತಿಮ್ಮಪ್ಪನ್ ಒಕ್ಕಲು ನಾವು. ಸಂಜೆಗಂಟ ಒಂದ್ ತೊಟ್ಟು ಕಾಪಿನೂ ಮುಟ್ಟಾಕಿಲ್ಲ."

ಹೇಳಿ ಆಡಲು ಕೂತಳು. ಹೊಳೆನರಸೀಪುರದ ಸೈಬರಿನಲ್ಲೂ ಫಲಿತಾಂಶ ನೋಡಲು ಬಂದ ಯಾರೋ ಕೂತಿದ್ದರು, ಆಟ ಶುರುವಾಯಿತು. ಮಗಳು ಫಸ್ಟ್ ಕ್ಲಾಸು ಅಂತ ಗೊತ್ತಾಯಿತು, ಸಂತೋಷವಾಯಿತು, ಆಟ ಮುಗಿಯಿತು. ಹಂಸ ಹತ್ತಿರ ಬಂದು ಎಂದಿನಂತೆ ಕೇಳಿದಳು, "ಹೇಗಿತ್ತಮ್ಮ ಆಟ?"

"ಏನ್ ಆಟವೋ ಏನೋ ಕಣವ್ವ," ಎಂದಳು ಮಲ್ಲಿಗಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಕವಡೆನೂ ಅದೇ ಆಕ್ತದೆ, ಕಾಯಿನೂ ಅದೇ ನಡುಸ್ತದೆ. ನಾನ್ಯಾಕವ್ವ ಕೂತಿದ್ದೆ ಇಲ್ಲಿ? ನನ್ ಕೈಲಿ ಕವಡೆ ಕುಲುಕ್ದೇ ಇದ್ರೆ ಅದು ಚೌಕ ಬಿತ್ತು ಅಂದ್ರೆ ನಾನ್ ಎಂಗ್ ನಂಬ್ಲಿ? ಆಯ್ತು ಬುಡು, ಅದೂ ಓಗ್ಲಿ. ಆಚೆ ಕೂತೋಳು ನನ್ ಕಾಯಿ ಕಡುದ್ಲು. ಒಂದ್ ಮಾತಿಲ್ಲ, ಕತೆಯಿಲ್ಲ. ಸಾವಿನ್ ಮನೇಲಿ ಆಡ್ದಂಗೈತೆ. ಕಡ್ದೋಳು ಅಂಗಿಸ್ಬೇಕು, ಕಡಿಸ್ಕೊಂಡೋಳು ಉರ್ಕೋಬೇಕು. ಅದಿಲ್ದೇಲೆ ಇದ್ಯಾತರ ಚೌಕಾಬಾರ?"

ಮಗಳು ಅನುಶ್ರೀ ನಾಚಿಕೆಯಿಂದ ತಾಯಿಯ ತೋಳು ಚಿವುಟಿದಳು. "ಸುಮ್ನಿರವ್ವ, ಅವ್ರೇ ಮಾಡಿರೋದಂತೆ."

"ಅಯ್ ಶಿವನೇ! ಬೇಜಾರ್ ಮಾಡ್ಕಬ್ಯಾಡ ಕಣ್ ನನ್ ತಾಯಿ. ನನ್ ಬಾಯೇ ಇಂಗೆ. ನಿನ್ ಕಾಪಿನಾರ ಕುಡ್ದಿದ್ರೆ ಬಾಯ್ ಮುಚ್ಕೊಂಡಿರ್ತಿದ್ನೇನೋ."

ನಕ್ಕುಕೊಂಡೇ ಹೇಳಿದ ಮಾತು. ಹಂಸ ಮಾತ್ರ ನಗಲಿಲ್ಲ. ಅವಳ ಕಣ್ಣು ಮೇಜಿನ ಮೇಲಿನ ತಟ್ಟೆಗೆ ಹೋಯಿತು. ಇಷ್ಟು ದಿನ ತಾನು ಒಬ್ಬರನ್ನಾದರೂ ಏನೂ ತಿನ್ನಿಸದೆ ಮಾತಾಡಿಸಿದ್ದೇನೆಯೆ? ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳಿಕೊಂಡು ಬೆಳೆದ ಜನ ಇವರು. ಅವರ ಬಾಯಿಗೆ ತಾನೇ ಕೋಡುಬಳೆ ತುರುಕಿ, ಆಮೇಲೆ ತಪ್ಪು ಹೇಳಿ ಎಂದು ಕೇಳಿದರೆ ಅವರಾದರೂ ಏನು ಹೇಳಿಯಾರು? ಮಲ್ಲಿಗಮ್ಮನನ್ನು ಹಿಡಿದು ಕೂರಿಸಿದಳು. "ಬೇಜಾರಿಲ್ಲಮ್ಮ. ಇನ್ನೂ ಏನೇನು ಸರಿಯಿಲ್ಲ, ಎಲ್ಲಾ ಹೇಳಿ." ಮಲ್ಲಿಗಮ್ಮನಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ. ಕೊಣನೂರಿನ ಬಸ್ಸು ತಪ್ಪಿತು.

ಮಾರನೇ ದಿನ ಹಂಸ ಅತ್ತೆಗೆ ಹೇಳಿದಳು, "ಇನ್ಮೇಲೆ ಕೋಡುಬಳೆ ಬೇಡ ಅತ್ತೆ. ಕಾಫಿನೂ ಬೇಡ. ಆಡೋಕೆ ಬಂದೋರಿಗೆ ಏನೂ ಕೊಡಲ್ಲ."

ಶ್ರೀರಂಗಮ್ಮನವರು ಜಾಲರಿ ಕೈಯಲ್ಲಿ ಹಿಡಿದೇ ನಿಂತರು. "ಕರೆದು ಕೂರಿಸಿ ಒಂದು ಲೋಟ ಕಾಫಿನೂ ಕೊಡದೆ ಕಳಿಸ್ತೀಯಾ? ಹೊಳೆನರಸೀಪುರದೋರು ಏನಂದ್ಕೋತಾರೆ? ನಿಮ್ಮಪ್ಪ ಏನಂದ್ಕೋತಾರೆ?"

"ಅಂದ್ಕೊಳ್ಳಲಿ. ಅಂದ್ಕೊಂಡಿದ್ದನ್ನ ನನ್ನ ಮುಂದೆ ಅಂದ್ರೆ ಸಾಕು."

ಕೇಳುವುದಕ್ಕೆ ಇದು ಸಣ್ಣ ವಿಷಯ. ಆದರೆ ಮನೆಬಾಗಿಲಿಗೆ ಬಂದವರಿಗೆ ನೀರು ಬೆಲ್ಲವಾದರೂ ಕೊಡದೆ ಕಳಿಸಬಾರದೆಂದು ಬೆಳೆದ ಹೆಣ್ಣುಮಗಳು, ತಾನೇ ಕರೆದವರ ಮುಂದೆ ಬರಿಗೈಯಲ್ಲಿ ನಿಲ್ಲುವುದಿದೆಯಲ್ಲ, ಅದಕ್ಕೆ ಎಂಟೆದೆ ಬೇಕು. ಅರಕಲಗೂಡಿನಲ್ಲಿ ಮೊದಲ ದಿನ ಅವಳ ಕಿವಿ ಕೆಂಪಾಗಿತ್ತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಚಲುವಯ್ಯ ಎರಡು ಸಲ ಅವಳ ಚೀಲದ ಕಡೆ ನೋಡಿದ. ಹಂಸ ಇನ್ನೊಂದು ಉಪಾಯವನ್ನೂ ಮಾಡಿಕೊಂಡು ಬಂದಿದ್ದಳು. ಆಟ ಹೇಗಿದೆ ಎಂದು ಕೇಳುವುದನ್ನು ಬಿಟ್ಟಳು. ಅದರ ಬದಲು ಕೇಳಿದ್ದು ಇಷ್ಟೇ: "ನಿಮ್ಮೂರಲ್ಲೂ ಹೀಗೇನಾ ಆಡೋದು?"

ಕಟ್ಟೆ ಒಡೆಯಿತು.

"ಇಂಗೆ ಎಲ್ಲಾರ ಉಂಟೇನಮ್ಮ!" ಚಲುವಯ್ಯ ಕುರ್ಚಿಯಿಂದ ಅರ್ಧ ಎದ್ದ. "ಒಂದ್ ಕಾಯಾದ್ರೂ ಕಡೀದೆ ಒಳಗಿನ್ ಸುತ್ತಿಗೆ ಓಗಂಗೇ ಇಲ್ಲ. ಇದ್ರಲ್ಲಿ ಕಳ್ಳನಂಗೆ ನುಗ್ಗುಸ್ತೀಯ. ಮೊದ್ಲೇ ಏಳ್ಬೇಕು ಅಂತಿದ್ದೆ, ನಿನ್ ಕಾಪಿ ಕುಡ್ದು ಎಂಗ್ ಏಳ್ಲಿ ಅಂತ ಸುಮ್ಕಿದ್ದೆ ಕಣಮ್ಮ."

ಚನ್ನರಾಯಪಟ್ಟಣಕ್ಕೆ ಹೋಗಿ ಅದನ್ನೇ ಹೇಳಿದರೆ ಸುವರ್ಣಮ್ಮ ಸೊಂಟಕ್ಕೆ ಕೈಯಿಟ್ಟಳು. ಕಡಿಯದೆ ಒಳಗೆ ಹೋಗಬಾರದು ಎಂದವನು ಯಾವನು, ಅವನನ್ನು ಇಲ್ಲಿಗೆ ಕರೆತನ್ನಿ ಎಂದಳು. ಹೊಳೆನರಸೀಪುರದವರು ಚೌಕ ಮೂರು ಸಲ ಬಿದ್ದರೆ ಮೂರೂ ದಂಡ ಎಂದರು. ಹಾಸನದವರು ಯಾವ ಊರಿನ ಪೆದ್ದರು ಹಾಗೆ ಆಡುವುದು ಎಂದರು. ಹಂಸ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು. ಒಂದು ದಿನ ಬಸ್ಸಿನಲ್ಲಿ ಬರುವಾಗ ಕಣ್ಣು ಒರೆಸಿಕೊಂಡಳು ಎಂದು ಸಂಪತ್ಕುಮಾರ ಹೇಳಿದ್ದುಂಟು. ಎರಡು ವರ್ಷ ಕೂತು ಮಾಡಿದ್ದನ್ನು ಕಂಡವರೆಲ್ಲ ಹರಿದು ಹಾಕಿದರೆ ಯಾರಿಗೆ ನೋವಾಗುವುದಿಲ್ಲ? ಆದರೂ ಮರುವಾರ ಅದೇ ಬಸ್ಸು ಹತ್ತಿದಳು. ಅವಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಹೊಗಳಿಕೆ ಹುಡುಕಿಕೊಂಡು ಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಸ್ ಚಾರ್ಜು ಕೊಟ್ಟು ಬೈಸಿಕೊಳ್ಳಲು ಹೋದವಳು ಇವಳೊಬ್ಬಳೇ.

ಮಳೆಗಾಲ ಮುಗಿಯುವ ಹೊತ್ತಿಗೆ ಆಟದ ಚಹರೆಯೇ ಬದಲಾಗಿತ್ತು. ಕೂತ ಕೂಡಲೆ "ಯಾವೂರ ಆಟ?" ಎಂದು ಕೇಳುತ್ತಿತ್ತು, ನಾಲ್ಕೂರಲ್ಲಿ ನಿಮ್ಮೂರನ್ನು ಆರಿಸಿಕೊಂಡು ನಿಮ್ಮ ಕ್ರಮದಲ್ಲೇ ಆಡಬಹುದು. ಮೌಸ್ ಒತ್ತಿ ಹಿಡಿದು ಅಲ್ಲಾಡಿಸಿದರೆ ಕವಡೆ ಕುಲುಕುವ ಸದ್ದು, ಬಿಟ್ಟಾಗಲೇ ಬೀಳುವುದು. ಕಾಯಿ ಕಡಿದಾಗ ಒತ್ತಲು ಬೇರೆ ಗುಂಡಿಗಳಿದ್ದವು. ಅದಕ್ಕೆ ಹಂಸ ಬೈದವರ ದನಿಯನ್ನೇ ಹಿಡಿದು ತುಂಬಿಸಿದ್ದಳು. ಒಂದು ಗುಂಡಿ ಒತ್ತಿದರೆ ಮಲ್ಲಿಗಮ್ಮನ ದನಿ: "ಓಗವ್ವ, ಮನೇಗೋಗು!" ಇನ್ನೊಂದಕ್ಕೆ ಚಲುವಯ್ಯನ ಕಂಡಕ್ಟರ್ ಗಂಟಲು: "ಇಳೀರಿ, ಇಳೀರಿ, ಲಾಸ್ಟ್ ಸ್ಟಾಪು!" ಅರಕಲಗೂಡಿನ ಸೈಬರಿನಲ್ಲಿ ಜನ ಬಿದ್ದುಬಿದ್ದು ನಗುತ್ತಿದ್ದರು. ಕೊಣನೂರಿನಲ್ಲೂ ಹೊಸದಾಗಿ ಒಂದು ಸೈಬರ್ ಬಂದಿತ್ತು. ಸಂತೆಗೆ ಬಂದ ಮಲ್ಲಿಗಮ್ಮ ತರಕಾರಿ ಚೀಲ ಪಕ್ಕದಲ್ಲಿಟ್ಟುಕೊಂಡು ಅಲ್ಲಿ ಕೂರತೊಡಗಿದಳು.

ಮನೆಯಲ್ಲಿ ಶ್ರೀರಂಗಮ್ಮನವರೂ ಮೆಲ್ಲಗೆ ಕಂಪ್ಯೂಟರಿನ ಮುಂದೆ ಕೂರುವುದು ಶುರುವಾಯಿತು. ಆಚೆ ಕಡೆ ಮಲ್ಲಿಗಮ್ಮನೇ ಸಿಕ್ಕರೆ ಅವರಿಗೆ ಹಬ್ಬ. ಜನ್ಮದಲ್ಲಿ ಯಾರನ್ನೂ ಏಕವಚನದಲ್ಲಿ ಹಂಗಿಸದ ಆ ಹೆಂಗಸು, ಮಲ್ಲಿಗಮ್ಮನ ಕಾಯಿ ಕಡಿದು, ಮಲ್ಲಿಗಮ್ಮನದೇ ದನಿಯ ಗುಂಡಿ ಒತ್ತಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸೊಸೆ ಕೇಳಿದರೆ ಮಾತ್ರ ಅದೇ ಉತ್ತರ, "ಚೆನ್ನಾಗಿದೆ ಕಣೇ." ಅತ್ತೆ ತನ್ನ ಸಂತೋಷಕ್ಕೆ ಆಡುತ್ತಾರೋ, ಸೊಸೆ ನೊಂದುಕೊಳ್ಳಬಾರದೆಂದು ಆಡುತ್ತಾರೋ, ಹಂಸನಿಗೆ ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಉಣ್ಣುವವರನ್ನು ಪರೀಕ್ಷೆ ಮಾಡುವುದಾದರೂ ಹೇಗೆ?

ಮೈಸೂರಿನ ಕಂಪನಿಯವರಿಗೂ ಬಂದದ್ದು ಇದೇ ಅನುಮಾನ. ದಸರೆ ಕಳೆದ ಮೇಲೆ ಅರುಣ್‌ಕುಮಾರ್ ಬೇಸರದಲ್ಲಿ ಫೋನು ಮಾಡಿದ. "ಜನ ಬರ್ತಿದಾರೆ ಮೇಡಂ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಮೇಲಿನೋರು ಏನಂತಾರೆ ಅಂದ್ರೆ, ಅವರೆಲ್ಲಾ ನಿಮ್ಮ ಗುರುತಿನೋರು, ನಿಮ್ಮ ಮುಖ ನೋಡಿ ಆಡ್ತಿದಾರೆ ಅಂತ. ನಾನೆಷ್ಟು ಹೇಳಿದ್ರೂ ಕೇಳಲಿಲ್ಲ. ನಾಳೆ ಬೆಳಿಗ್ಗೆ ನಿಲ್ಲಿಸ್ತಾರೆ."

ಹಂಸ ಜಗಳವಾಡಲಿಲ್ಲ. ಹೌದೇನೋ, ಮುಖ ನೋಡಿಯೇ ಆಡುತ್ತಿದ್ದಾರೇನೋ ಎಂದು ಅವಳಿಗೂ ಅನಿಸಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಾಲ್ಕೂರಿನವರೂ ಅವಳಿಗೋಸ್ಕರ ಮೈಸೂರಿಗೆ ಫೋನು ಮಾಡುತ್ತಿದ್ದರು. ಅದೂ ಕಾಫಿ ಕುಡಿಸಿ ಹೊಗಳಿಸಿಕೊಂಡ ಹಾಗೆಯೇ ಎಂದು ಬಾಯಿ ಕಟ್ಟಿಕೊಂಡಳು. ಬೆಳಿಗ್ಗೆ ಸೆಂಟರಿಗೆ ಹೋಗಿ, ಬೀಗ ತೆಗೆದು, ಯಾರದೋ ಮದುವೆ ಕಾಗದ ಟೈಪು ಮಾಡಲು ಕೂತಳು. ಆಟದ ಜಾಗದಲ್ಲಿ ಬರೀ ಬಿಳಿ ಪುಟ, ಕೆಳಗೆ ಕಂಪನಿಯ ಫೋನ್ ನಂಬರು. ಅವಳ ಸೆಂಟರಿನ ಫೋನು ಬೆಳಗಿನಿಂದ ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಅಂದರೆ ಒಬ್ಬರಿಗೂ ಬೇಕಾಗಿರಲಿಲ್ಲ ಎಂದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಅರುಣ್‌ಕುಮಾರ್. ದನಿಯಲ್ಲಿ ಸುಸ್ತು.

"ಮೇಡಂ, ನಿಮ್ಮೂರಿನ ಜನಕ್ಕೆ ಏನಾಗಿದೆ? ಆಫೀಸು ಬಾಗಿಲು ತೆಗೆದಾಗಿಂದ ಬೈಸ್ಕೋತಿದೀವಿ. ಅರಕಲಗೂಡಿಂದ ಒಬ್ರು ನಮ್ಮ ಮ್ಯಾನೇಜರನ್ನೇ ಇಳೀರಿ ಇಳೀರಿ ಅಂದ್ರು. ಕೊಣನೂರಿಂದ ಒಬ್ಬಮ್ಮ, ಸಂತೆ ಬಿಟ್ಟು ಬಂದಿದೀನಿ, ನಮ್ ಆಟ ಎಲ್ಲಿ ಮಡಗಿದೀರ ಅಂತಾರೆ. ಜಿನನಾಥಪುರ ಅಂತೆ, ಯಾರೋ ಪಾಪ, ನಿಮ್ಮ ಹೆಸರೇ ಕೇಳಿಲ್ಲ ಅವರು, ಅವರೂ ಬೈದ್ರು."

ಹಂಸ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲ್ರಿಗಿಂತ ಜಾಸ್ತಿ ಬೈದಿದ್ದು ಹಾಸನದಿಂದ ಒಬ್ರು ವಯಸ್ಸಾದೋರು. ಭಾಳ ಮರ್ಯಾದೆಯಿಂದ, ಬಹುವಚನದಲ್ಲೇ ಉಗಿದ್ರು. ಅರ್ಧ ಆಟದಲ್ಲಿ ಹಾಸು ಮಡಿಸೋದಾ? ಆ ಆಟ ಮಾಡಿದೋರ್ಗೆ ಬುದ್ಧಿ ಅನ್ನೋದು ಬೇಡ್ವೇನ್ರೀ, ಬರೀ ಮಾಡೋಕ್ ಬಂದ್ರೆ ಸಾಕಾ ಅಂತ ಕೇಳಿದ್ರು. ಹೆಸರು ಕೇಳಿದ್ದಕ್ಕೆ ಶ್ರೀರಂಗಮ್ಮ ಅಂದ್ರು. ಯಾರ್ ಮೇಡಂ ಅದು, ನಿಮಗೆ ಗೊತ್ತಾ?"

ಮದುವೆಯಾಗಿ ಬಂದಂದಿನಿಂದ ಅವಳು ಅತ್ತೆಯ ಬಾಯಲ್ಲಿ ಕೇಳದಿದ್ದ ಮಾತು ಮೈಸೂರು ಸುತ್ತಿಕೊಂಡು ಅವಳ ಕಿವಿಗೆ ಬಂದಿತ್ತು. ಸೊಸೆ ಮಾಡಿದ್ದು ಅಂತ ಅತ್ತೆ ಒಂದು ಮಾತೂ ಎತ್ತಿರಲಿಲ್ಲ. ಹಂಸ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು, ಟೈಪು ಮಾಡಿಸಲು ಬಂದಿದ್ದ ಮದುವೆಮನೆಯವರು ಗಾಬರಿಯಾಗಿ ಎದ್ದು ನಿಂತರು.

"ಮೇಲಿನೋರು ಒಪ್ಕೊಂಡಿದಾರೆ," ಎನ್ನುತ್ತಿದ್ದ ಅರುಣ್‌ಕುಮಾರ್. "ಬೇಕಾದೋರ್ ಮುಖ ನೋಡಿ ಯಾರೂ ಇಷ್ಟು ಬೈಯಲ್ಲ ಬಿಡಿ ಅಂದ್ರು. ಸಂಜೆಗೆ ಮತ್ತೆ ಹಾಕ್ತೀವಿ. ಖಾಯಂ."

ಊಟಕ್ಕೆ ಮನೆಗೆ ಬಂದಾಗ ಶ್ರೀರಂಗಮ್ಮನವರು ಏನೂ ಆಗದವರಂತೆ ತಟ್ಟೆ ಇಟ್ಟು, ಹುಳಿ ಬಡಿಸಿದರು. ಫೋನಿನ ಮಾತು ಅವರೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ತುತ್ತು ಕಲಸುತ್ತ ಹಂಸ ತಲೆ ಎತ್ತದೆ ಹೇಳಿದಳು, "ಅತ್ತೆ, ಆಟ ಸಂಜೆಗೆ ಮತ್ತೆ ಬರುತ್ತಂತೆ."

ಶ್ರೀರಂಗಮ್ಮನವರು ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿದರು.

"ಬರಲಿ," ಎಂದರು. "ಆ ಮಲ್ಲಿಗಮ್ಮನಿಗೆ ಫೋನ್ ಮಾಡಿ ಹೇಳು. ಮೊದಲಿಂದ ಶುರು ಮಾಡಕ್ಕೆ ನಾನು ಒಪ್ಪಲ್ಲ. ಸರದಿ ನಂದಿತ್ತು."